ವಿದ್ಯೆಯ ಪಂಕ್ತಿಯಲ್ಲಿ ಹೆಣ್ಣುಮಗಳ ಎಲೆ



ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲಾ ನದಿಯ ದಂಡೆಯ ಮೇಲಿರುವ ಊರು. ಪುಷ್ಯಮಾಸ ಮುಗಿಯುವ ಹೊತ್ತಿಗೆ, ಭತ್ತದ ಒಕ್ಕಣೆಯಾಗಿ ಕಣಗಳು ಬರಿದಾದ ಮೇಲೆ, ಅಲ್ಲಿ ಶ್ರೀಮಠದ ಜಾತ್ರೆ ಕೂಡುತ್ತದೆ. ತೇರು, ಕೊಂಡ, ತೆಪ್ಪ, ದನಗಳ ಜಾತ್ರೆ, ಕುಸ್ತಿ, ಭಜನೆಯ ಮೇಳ, ಈಚಿನ ವರ್ಷಗಳಲ್ಲಿ ಕೃಷಿಮೇಳ, ಸಾಮೂಹಿಕ ವಿವಾಹ, ಹೀಗೆ ಆರು ದಿನ ಆ ಊರು ಊರಾಗಿರುವುದಿಲ್ಲ, ಒಂದು ನಾಡೇ ಆಗಿರುತ್ತದೆ. ನಾನು ಆ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಆ ಜಾತ್ರೆಗೆ ಅವ್ವನ ಸೆರಗು ಹಿಡಿದು ಹೋದವಳು. ಆದರೆ ಜಾತ್ರೆಯೆಂದರೆ ನನ್ನ ಮನಸ್ಸು ನಿಲ್ಲುವುದು ತೇರಿನ ಬಳಿಯಲ್ಲ, ದಾಸೋಹದ ಪಂಕ್ತಿಯ ಬಳಿ. ಅಲ್ಲಿ ಬಂದು ಕುಳಿತವರನ್ನು ಯಾವ ಊರು, ಯಾರ ಮನೆ, ಎಷ್ಟು ಜಮೀನು ಎಂದು ಕೇಳುವವರಿಲ್ಲ. ಅರ್ಜಿಯಿಲ್ಲ, ದೃಢೀಕರಣಪತ್ರವಿಲ್ಲ. ಹಸಿವೊಂದೇ ಅಲ್ಲಿಯ ಅರ್ಹತೆ. ಬಡಿಸುವವನು ತಾನು ಕೊಡುತ್ತಿದ್ದೇನೆಂದು ತಲೆಯೆತ್ತಿ ನಿಲ್ಲುವುದಿಲ್ಲ, ಬಗ್ಗಿಯೇ ಬಡಿಸಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಮ್ಮ ಶರಣರು ಶಾಸ್ತ್ರವಾಗಿ ಹೇಳಿದ್ದಾರೆ. ಆದರೆ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಈ ಪಂಕ್ತಿ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನು ದಾಸ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇನ್ನೊಂದು ಬಗೆಯ ಹಸಿವನ್ನು ಕುರಿತು. ಬಿ.ಎ., ಬಿ.ಎಸ್‌ಸಿ. ಮುಗಿಸಿದ ಹಳ್ಳಿಯ ಹೆಣ್ಣುಮಗಳೊಬ್ಬಳು ಇನ್ನೂ ಮುಂದಕ್ಕೆ ಓದಬೇಕೆಂದು ಬಯಸಿದಾಗ, ಅವಳಿಗೆ ನಮ್ಮ ಧರ್ಮಶೀಲ ಸಮಾಜ ಏನು ಕೊಟ್ಟಿದೆ, ಏನು ಕೊಡುತ್ತಿದೆ, ಹೇಗೆ ಕೊಡುತ್ತಿದೆ ಎಂಬುದೇ ನನ್ನ ವಿಷಯ.

ವಿದ್ಯೆಗಾಗಿ ದತ್ತಿ ಬಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ನೆಲೆಸಿ ಓದುತ್ತಿದ್ದರು. ದೀಪದ ಎಣ್ಣೆಗೆ ಇಂತಿಷ್ಟು ಭೂಮಿ, ಗುರುವಿನ ಜೀವನಕ್ಕೆ ಇಂತಿಷ್ಟು ಭೂಮಿ ಎಂದು ವಿಂಗಡಿಸಿ ಬಿಟ್ಟಿದ್ದರು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಊರಿನವರು ಒಪ್ಪಿಕೊಂಡ ಕಟ್ಟಳೆ. ಊರಿನಲ್ಲಿ ಒಂದು ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಕಾಲುಭಾಗ, ಇಷ್ಟನ್ನು ವಿದ್ಯಾಶಾಲೆಗೆ ಸಲ್ಲಿಸಬೇಕು. ಮನೆಯ ಸಂತೋಷದಲ್ಲಿ ವಿದ್ಯೆಗೊಂದು ಪಾಲು! ಸಾವಿರ ವರ್ಷಗಳ ಹಿಂದಿನ ಈ ವಿವೇಕವನ್ನು ಓದಿದಾಗ ಹೆಮ್ಮೆಯಾಗುತ್ತದೆ. ಆದರೆ ಮರುಕ್ಷಣ ಇನ್ನೊಂದು ವಿಚಾರವೂ ಹೊಳೆಯುತ್ತದೆ. ಯಾವ ಮದುವೆಯ ಐದು ನಾಣ್ಯದಿಂದ ಹುಡುಗರ ಓದಿನ ದೀಪ ಉರಿಯಿತೋ, ಅದೇ ಮದುವೆಯ ಹಸೆಮಣೆಯ ಮೇಲೆ ಕುಳಿತ ಹುಡುಗಿಗೆ ಆ ದೀಪದ ಬೆಳಕಿನಲ್ಲಿ ಜಾಗವಿರಲಿಲ್ಲ.

ಅದೇ ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಬಾಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದಳು. ದಾನಚಿಂತಾಮಣಿಯೆಂದು ಆಕೆಯನ್ನು ನಾಡು ಕೊಂಡಾಡಿತು. ಮೂರು ದಶಕಗಳ ಕಾಲ ನಾನು ತರಗತಿಯಲ್ಲಿ ಆಕೆಯ ಕಥೆಯನ್ನು ಪಾಠಮಾಡಿದ್ದೇನೆ. ನಮ್ಮ ಪರಂಪರೆಯಲ್ಲಿ ಹೆಣ್ಣು ವಿದ್ಯೆಯನ್ನು ಕೊಡುವವಳಾಗಿ ಕಾಣಿಸಿಕೊಂಡಿದ್ದಾಳೆ. ವಿದ್ಯೆಗಾಗಿ ಪಡೆಯುವವಳಾಗಿ ಆಕೆ ಕಾಣಿಸುವುದು ತೀರ ಅಪರೂಪ.

ಹಳೆಯ ಮೈಸೂರಿನ ಬಡ ಹುಡುಗನಿಗೆ ಓದಲು ಹಲವು ದಾರಿಗಳಿದ್ದವು. ವಾರಾನ್ನವೆಂಬ ಪದ್ಧತಿಯನ್ನು ಹಿರಿಯರು ಬಲ್ಲರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿದವರು ಎಷ್ಟೋ ಮಂದಿ ದೊಡ್ಡ ಹುದ್ದೆಗಳಿಗೆ ಏರಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರಂಥ ದಾನಿಗಳು ಛತ್ರದ ಜೊತೆಗೆ ವಿದ್ಯಾರ್ಥಿನಿಲಯಕ್ಕೂ ತಮ್ಮ ಸಂಪತ್ತನ್ನು ಮೀಸಲಿಟ್ಟರು. ಒಂದೊಂದು ಸಮುದಾಯವೂ ಒಂದೊಂದು ವಿದ್ಯಾರ್ಥಿನಿಲಯವನ್ನು ಕಟ್ಟಿಕೊಂಡಿತು. ಹುಡುಗನಿಗೆ ಜಗಲಿಯಾದರೂ ಸಾಕು; ಚಾಪೆ, ಚೊಂಬು, ಕಂದೀಲು ಇದ್ದರೆ ಓದು ಸಾಗುತ್ತಿತ್ತು. ಹುಡುಗಿಯನ್ನು ಜಗಲಿಯಲ್ಲಿ ಮಲಗಿಸಲಾಗದು, ದಿನಕ್ಕೊಂದು ಮನೆಗೆ ಉಣ್ಣಲು ಕಳಿಸಲಾಗದು. ಅವಳಿಗೆ ಗೋಡೆ ಬೇಕು, ಬಾಗಿಲು ಬೇಕು, ಬಾಗಿಲಿಗೆ ಚಿಲಕ ಬೇಕು, ಅದಕ್ಕೊಬ್ಬ ಮೇಲ್ವಿಚಾರಕಿ ಬೇಕು. ಇಷ್ಟೆಲ್ಲ ಬೇಕೆಂದಾಗ ಧರ್ಮವು ದುಬಾರಿಯಾಯಿತು, ಮುಂದಕ್ಕೆ ಹೋಯಿತು.

ಸುತ್ತೂರು ಮಠದ 23ನೆಯ ಜಗದ್ಗುರುಗಳಾದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಅನ್ನಕ್ಕೆ ಮಾತ್ರ ಸಲ್ಲುತ್ತಿದ್ದ ದಾಸೋಹವೆಂಬ ಮಾತು ಅಕ್ಷರಕ್ಕೂ ಸಲ್ಲುವಂತಾಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊದಲು ಪದವಿ ಪಡೆದ ಗಂಡಸರಲ್ಲಿ ಅನೇಕರು ಆ ನಿಲಯದ ಅನ್ನವುಂಡವರು. ಮುಂದೆ ಅದೇ ವಿದ್ಯಾಪೀಠ ಮೈಸೂರಿನಲ್ಲೂ ಸುತ್ತಣ ಪಟ್ಟಣಗಳಲ್ಲೂ ಮಹಿಳಾ ಕಾಲೇಜುಗಳನ್ನು ತೆರೆಯಿತು. ಸುತ್ತೂರಿನ ಉಚಿತ ವಸತಿಶಾಲೆಯಲ್ಲಿ ಇಂದು ಹೊರ ರಾಜ್ಯಗಳ ಮಕ್ಕಳೂ ಓದುತ್ತಾರೆ. ಹೊಳೆಯ ದಂಡೆಯ ಒಂದು ಮಠದಿಂದ ಇಷ್ಟಾದುದು ಸಣ್ಣ ಮಾತಲ್ಲ.

ಇದೇ ನಂಜನಗೂಡು ಸೀಮೆಯ ಇಬ್ಬರು ಹೆಣ್ಣುಮಕ್ಕಳ ಕಥೆಯನ್ನು ಈಗ ನಾನು ಒಟ್ಟಿಗೆ ಹೇಳಬೇಕು.

ಮೊದಲನೆಯವರು ನಂಜನಗೂಡು ತಿರುಮಲಾಂಬ. ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ತಿರುಮಲಾಂಬ ಹುಟ್ಟುವುದಕ್ಕೆ ಆರು ವರ್ಷ ಮೊದಲೇ, 1881ರಲ್ಲಿ, ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಗಿತ್ತು. ಆದರೆ ಅದು ಇದ್ದದ್ದು ಮೈಸೂರಿನಲ್ಲಿ, ಇವರು ಇದ್ದದ್ದು ನಂಜನಗೂಡಿನಲ್ಲಿ. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆಮೇಲೆ ಓದಿದ್ದೆಲ್ಲ ಮನೆಯಲ್ಲಿ, ತಂದೆಯ ಆಸರೆಯಲ್ಲಿ. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು, ಕಾದಂಬರಿಗಳನ್ನು ಬರೆದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಸಂಪಾದಿಸಿದರು. ಹೊಸಗನ್ನಡದಲ್ಲಿ ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆಗಿ ನಿಂತ ಮೊದಲಿಗರಲ್ಲಿ ಅವರೊಬ್ಬರು. ಆಮೇಲೆ ದೀರ್ಘಕಾಲದ ಮೌನ. 1982ರಲ್ಲಿ ಅವರು ತೀರಿಕೊಂಡಾಗ, ಅವರಿನ್ನೂ ಬದುಕಿದ್ದರೆಂಬುದೇ ಕನ್ನಡ ಓದುಗರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಎರಡನೆಯವರು ರಾಜೇಶ್ವರಿ ಚಟರ್ಜಿ. ಹುಟ್ಟಿದ್ದು 1922ರಲ್ಲಿ. ಇವರ ತಂದೆಯೂ ನಂಜನಗೂಡಿನಲ್ಲಿ ವಕೀಲರು. ಆದರೆ ಇವರಿಗೆ ಒಂದು ಹೆಚ್ಚಿನ ಭಾಗ್ಯವಿತ್ತು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಗಂಡನಿಂದ ಪರಿತ್ಯಕ್ತರಾದವರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್‌ಸಿ. ಪದವಿಯನ್ನು ಪ್ರಥಮ ಸ್ಥಾನದಲ್ಲಿ ಪಡೆದು, 1943ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ, ಮುಂದಿನ ಸಂಶೋಧನೆಗೆ 1949ರಲ್ಲಿ ಅವರಿಗೆ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಹಿಂತಿರುಗಿ, ವಿಜ್ಞಾನ ಮಂದಿರದಲ್ಲಿ ಅಧ್ಯಾಪಕರಾದರು. ಸೂಕ್ಷ್ಮತರಂಗಗಳ ಶಾಸ್ತ್ರವನ್ನು ಕಲಿಸಿ, ಸಂಶೋಧನ ವಿದ್ಯಾರ್ಥಿಗಳನ್ನು ತಯಾರುಮಾಡಿ, 2010ರಲ್ಲಿ ಕಾಲವಾದರು.

ಒಂದೇ ಊರಿನ ನಂಟು. ಇಬ್ಬರ ತಂದೆಯರೂ ವಕೀಲರು. ಇಬ್ಬರೂ ಅಸಾಧಾರಣ ಬುದ್ಧಿಶಾಲಿನಿಯರು. ನಡುವೆ 35 ವರ್ಷಗಳ ಅಂತರ. ತಿರುಮಲಾಂಬರಲ್ಲಿ ಕೊರತೆಯಾಗಿದ್ದುದು ಪ್ರತಿಭೆಯಲ್ಲ, ತಂದೆಯ ವಾತ್ಸಲ್ಯವೂ ಅಲ್ಲ. ಮನೆಯ ಹೊರಗೆ ನಿಂತು ‘ಬಾ, ನಿನ್ನ ಖರ್ಚು ನಮ್ಮದು’ ಎಂದು ಕರೆಯುವ ಕೈಯೊಂದು ಅವರಿಗಿರಲಿಲ್ಲ. ರಾಜೇಶ್ವರಿಯವರಿಗೆ ಅಂಥ ಕೈಗಳಿದ್ದವು. ಅವುಗಳಲ್ಲಿ ಒಂದು ಸಪ್ತಸಮುದ್ರಗಳ ಆಚೆಯದು.

ಈ ಬಾರ್ಬರ್ ಯಾರು? ಲೆವಿ ಬಾರ್ಬರ್ ಡೆಟ್ರಾಯಿಟ್ ನಗರದ ವಕೀಲರು. ನನ್ನ ಮಾತಿನಲ್ಲಿ ಇವರು ಮೂರನೆಯ ವಕೀಲರಾದರು, ಆ ವೃತ್ತಿಯವರು ಇಂದು ಸಂತೋಷಪಡಬಹುದು! ಮಿಷಿಗನ್ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಲ್ಲಿದ್ದ ಈ ಮಹನೀಯರು ಏಷ್ಯಾ ಖಂಡದಲ್ಲಿ ಪ್ರವಾಸ ಮಾಡಿದಾಗ, ತಮ್ಮ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಓದಿ ಹೋಗಿದ್ದ ಹೆಂಗಸರು ತಮ್ಮ ನಾಡುಗಳಲ್ಲಿ ವೈದ್ಯರಾಗಿ ದುಡಿಯುತ್ತಿದ್ದುದನ್ನು ಕಣ್ಣಾರೆ ಕಂಡರು. ಕಂಡದ್ದನ್ನು ಮರೆಯಲಿಲ್ಲ. 1917ರಲ್ಲಿ, ಏಷ್ಯಾದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಓದಿ ತಮ್ಮ ನಾಡಿಗೆ ಮರಳಲೆಂದು ಒಂದು ನಿಧಿಯನ್ನು ಸ್ಥಾಪಿಸಿದರು. ತಲಚೇರಿಯ ಇ.ಕೆ. ಜಾನಕಿ ಅಮ್ಮಾಳ್ ಅವರು ಹೋದದ್ದೂ ಅದೇ ನಿಧಿಯಿಂದ. ಸೋದರಸಂಬಂಧಿಯೊಬ್ಬನೊಡನೆ ಅವರ ಮದುವೆಯ ಮಾತು ನಡೆದಿದ್ದ ಕಾಲದಲ್ಲಿ ಈ ವಿದ್ಯಾರ್ಥಿವೇತನ ಒದಗಿತೆಂದು ಅವರನ್ನು ಕುರಿತು ಬರೆದವರು ಹೇಳುತ್ತಾರೆ. ಅವರು ಹಡಗು ಹತ್ತಿದರು. 1931ರಲ್ಲಿ ಮಿಷಿಗನ್ನಿನಿಂದ ಡಾಕ್ಟರ್ ಆಫ್ ಸೈನ್ಸ್ ಪಡೆದರು. ಕಬ್ಬಿನ ತಳಿಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದರು. ನಂಜನಗೂಡು, ನರಸೀಪುರಗಳ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನ್ನಂಥವರಿಗೆ ಅವರ ನೆನಪಿನಲ್ಲಿ ಒಂದು ವಿಶೇಷವಾದ ಸಿಹಿಯುಂಟು.

ಈ ಉದಾಹರಣೆಯಿಂದ ನಾವು ತಿಳಿಯಬೇಕಾದ ಒಂದು ಸಂಗತಿಯಿದೆ. ಹೆಣ್ಣುಮಗಳಿಗೆ ಕೊಡುವ ವಿದ್ಯಾರ್ಥಿವೇತನವು ಬರಿಯ ಹಣವಲ್ಲ. ಮನೆಯೊಳಗೆ ಅವಳ ಪರವಾಗಿ ಮಾತನಾಡುವ ಒಂದು ಬಾಯಿ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ.

ನಾನು ಬಿ.ಎ. ಮುಗಿಸಿದ್ದು 1980ರ ದಶಕದ ಆರಂಭದಲ್ಲಿ. ಮನೆಯಲ್ಲಿ ಎರಡು ಎಕರೆ ಗದ್ದೆ, ಐವರು ಮಕ್ಕಳು. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಬೇಕೆಂದು ನನ್ನ ಆಸೆ. ಅಜ್ಜಿಯ ವಾದ ಒಂದೇ: ಎಷ್ಟು ಓದಿದರೂ ಮುಸುರೆ ತಿಕ್ಕುವುದು ತಪ್ಪದು. ಅಪ್ಪ ಏನನ್ನೂ ಹೇಳದೆ ದಿನ ದೂಡುತ್ತಿದ್ದರು. ಅಷ್ಟರಲ್ಲಿ, ಬಡ ಹೆಣ್ಣುಮಗಳೊಬ್ಬಳ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಇದ್ದ ಒಂದು ದತ್ತಿಯಿಂದ ತಿಂಗಳಿಗೆ 75 ರೂಪಾಯಿ ಮಂಜೂರಾಯಿತೆಂದು ಕಾಗದ ಬಂತು. ಅದನ್ನು ನಾನೇ ಓದಿ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಅವ್ವನ ಕಡೆಗೆ ತಿರುಗಿ, “ನಮ್ಮ ಕೈಯಿಂದ ಹೋಗಕಿಲ್ವಲ್ಲ, ಓದ್ಲಿ ಬುಡು” ಎಂದರು. ನನ್ನ ಮುಂದಿನ ನಾಲ್ವತ್ತು ವರ್ಷಗಳ ಬದುಕು ಆ ಒಂದು ವಾಕ್ಯದ ಮೇಲೆ ನಿಂತಿದೆ. ಎಪ್ಪತ್ತೈದು ರೂಪಾಯಿ ನನ್ನ ಊಟದ ಖರ್ಚಿಗೆ ಪೂರ್ತಿ ಸಾಲುತ್ತಿರಲಿಲ್ಲ. ಆದರೆ ಅದು ಅಪ್ಪನಿಗೆ ಒಪ್ಪಿಕೊಳ್ಳಲು ಒಂದು ನೆಪವನ್ನು ಕೊಟ್ಟಿತು. ಒಪ್ಪಿಕೊಳ್ಳಬೇಕೆಂಬ ಮನಸ್ಸು ಅವರಿಗೂ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕೃತಜ್ಞತೆಯ ಜೊತೆಗೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರ. ಆ ಹಣ ಜುಲೈಯಲ್ಲಿ ಮಂಜೂರಾದರೂ ನನ್ನ ಕೈ ಸೇರಿದ್ದು ಮುಂದಿನ ಫೆಬ್ರವರಿಯಲ್ಲಿ, ಎಲ್ಲ ತಿಂಗಳಿನದೂ ಒಟ್ಟಿಗೆ. ನಡುವಿನ ಏಳು ತಿಂಗಳು ವಿದ್ಯಾರ್ಥಿನಿಲಯದ ಊಟದ ಲೆಕ್ಕ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು. ಅವ್ವನ ಬೆಂಡೋಲೆ ನಂಜನಗೂಡಿನ ಗಿರವಿ ಅಂಗಡಿಗೆ ಹೋಯಿತು. ಫೆಬ್ರವರಿಯಲ್ಲಿ ಹಣ ಬಂದಾಗ ಬಿಡಿಸಿಕೊಂಡು ಬಂದೆವು. ಬಡ್ಡಿಯನ್ನು ಕಳೆದರೆ ಉಳಿದದ್ದು ಅಲ್ಪ. ಕೊಟ್ಟ ಪುಣ್ಯಾತ್ಮರಿಗೆ ಈ ಕಥೆ ತಿಳಿದಿರಲಾರದು.

ಈಗ ನಾನು ಹೇಳಬೇಕಾದ ಇನ್ನೊಂದು ಕಥೆಯಲ್ಲಿ ತಪ್ಪು ನನ್ನದು.

ನಾನು ಅಧ್ಯಾಪಕಿಯಾಗಿದ್ದ ಕಾಲದಲ್ಲಿ, ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಇಂಥದೇ ಒಂದು ದತ್ತಿಯ ಆಯ್ಕೆ ಸಮಿತಿಯಲ್ಲಿ ನಾನು ಸದಸ್ಯೆಯಾಗಿದ್ದೆ. ನಾವು ನಾಲ್ವರು. ಎಂ.ಎ.ಗೆ ಹೋಗುವ ಒಬ್ಬ ವಿದ್ಯಾರ್ಥಿನಿಗೆ ಎರಡು ವರ್ಷ ಹಣ ಕೊಡುವ ಅಧಿಕಾರ ನಮ್ಮದು. ಅರ್ಜಿಗಳಲ್ಲಿ ಒಬ್ಬ ಹುಡುಗಿಯದು ಎದ್ದು ಕಾಣುವಂತಿತ್ತು. ಕೂಲಿಯವರ ಮನೆಯವಳು, ನನ್ನ ವಿದ್ಯಾರ್ಥಿನಿ, ಹಳಗನ್ನಡವನ್ನು ಅಷ್ಟು ಸ್ವಚ್ಛವಾಗಿ ಓದುತ್ತಿದ್ದವರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಅರ್ಜಿಯ ಕೊನೆಯಲ್ಲಿ ತಾನಾಗಿಯೇ ಬರೆದಿದ್ದಳು: ಖರ್ಚು ತಮ್ಮ ಮೇಲೆ ಬೀಳದಿದ್ದರೆ ಮದುವೆಯಾದ ಮೇಲೂ ಓದಲು ಅಡ್ಡಿಯಿಲ್ಲವೆಂದು ಗಂಡಿನ ಕಡೆಯವರು ಹೇಳಿದ್ದಾರೆ, ಎಂದು. ಸಮಿತಿಯಲ್ಲಿ ಒಬ್ಬರು, “ಲಗ್ನಪತ್ರಿಕೆ ಅಚ್ಚಾಗುವ ಹುಡುಗಿಗೆ ಕೊಟ್ಟರೆ ಅದು ವಿದ್ಯಾರ್ಥಿವೇತನವಲ್ಲ, ಮುಯ್ಯಿ ಆಗುತ್ತದೆ” ಎಂದು ಚಟಾಕಿ ಹಾರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಣ ವ್ಯರ್ಥವಾಗಬಾರದೆಂದು ಬೇರೊಬ್ಬಳಿಗೆ ಕೊಟ್ಟೆವು, ಅವಳೂ ಅರ್ಹಳೇ. ನಾನು ರುಜು ಹಾಕಿದೆ. ನನ್ನ ಅಪ್ಪ ಆಡಿದ ಮಾತನ್ನೇ ಆ ಹುಡುಗಿಯ ಬೀಗರೂ ಆಡಿದ್ದರು. ಅರ್ಜಿಯಲ್ಲಿ ಅದನ್ನು ಓದಿಯೂ, ಅದು ಅದೇ ಮಾತೆಂದು ನನಗೆ ಅಂದು ಹೊಳೆಯಲಿಲ್ಲ. ಅಥವಾ ಹೊಳೆದರೂ, ಮೂವರ ನಡುವೆ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಆ ಹುಡುಗಿ ಎಂ.ಎ. ಸೇರಲಿಲ್ಲ.

ಎರಡು ವರ್ಷಗಳ ಹಿಂದೆ ಸುತ್ತೂರಿನ ಜಾತ್ರೆಗೆ ಹೋಗಿದ್ದೆ. ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದಾಗ, ಬಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ನನ್ನನ್ನು ಕಂಡು ನಿಂತಳು. “ಮೇಡಂ, ಗುರುತು ಸಿಕ್ಕಿತೆ? ನೀವು ಮಾಡಿದ ಅತ್ತಿಮಬ್ಬೆಯ ಪಾಠ ಇನ್ನೂ ನೆನಪಿದೆ, ನನ್ನ ಮಗಳಿಗೂ ಹೇಳಿದ್ದೇನೆ” ಎಂದಳು. ಅವಳೇ. ಆ ಸಮಿತಿಯಲ್ಲಿ ನಾನಿದ್ದೆನೆಂಬುದು ಅವಳಿಗೆ ತಿಳಿದಿರಲಿಲ್ಲ. ಹೇಳಬೇಕೆಂದುಕೊಂಡೆ. “ಇನ್ನೊಂದಿಷ್ಟು ಬಡಿಸಲೆ ಮೇಡಂ?” ಎಂದು ಕೇಳಿದಳು. ಸಾಕೆಂದು ಕೈ ಅಡ್ಡ ಹಿಡಿದೆ, ಅಷ್ಟೆ. ಪಂಕ್ತಿ ಮುಂದೆ ಸಾಗಿತು. ಅಂದು ಅವಳಿಗೆ ಹೇಳಲಾಗದ್ದನ್ನು ಇಂದು ಈ ಧ್ವನಿವರ್ಧಕದ ಮುಂದೆ ಹೇಳುತ್ತಿದ್ದೇನೆ. ಅವಳು ಕೇಳುತ್ತಿದ್ದರೆ ಕ್ಷಮಿಸಲಿ. ಕೇಳದಿದ್ದರೆ, ಅಂಥ ಸಮಿತಿಗಳಲ್ಲಿ ಇಂದು ಕುಳಿತಿರುವವರಾದರೂ ಕೇಳಲಿ.

ಅವರಿಗಾಗಿ, ಮತ್ತು ದತ್ತಿ ಬಿಡಬೇಕೆಂದಿರುವ ಸಹೃದಯರಿಗಾಗಿ, ನನ್ನ ಅನುಭವದಿಂದ ನಾಲ್ಕು ಮಾತು.

ಮೊದಲನೆಯದು, ನಮ್ಮ ದತ್ತಿಗಳು ಎಲ್ಲಿ ಸೇರುತ್ತವೆ ಎಂಬುದು. ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಕನ್ನಡ ಎಂ.ಎ. ಪ್ರಥಮಸ್ಥಾನಿಗಳಿಗೆ ಚಿನ್ನದ ಪದಕಗಳ ಮೇಲೆ ಪದಕಗಳು ಬರುತ್ತವೆ. ಕೊರಳು ತುಂಬ ಪದಕ ತೊಟ್ಟ ಹುಡುಗಿಯ ಚಿತ್ರ ಮಾರನೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ಸಂತೋಷ. ಆದರೆ ಪದಕ ದೊರೆಯುವುದು ಓಟ ಮುಗಿದ ಮೇಲೆ. ಗೆದ್ದವಳಿಗೆ ಹತ್ತು ಪದಕ ಸಿಗುವ ನಾಡಿನಲ್ಲಿ, ಓಟಕ್ಕೆ ನಿಲ್ಲಲು ಚಪ್ಪಲಿಯಿಲ್ಲದವಳಿಗೆ ಒಂದು ಜೊತೆ ಚಪ್ಪಲಿ ಸಿಗುವುದು ಕಷ್ಟ. ತಂದೆತಾಯಿಯರ ಹೆಸರಿನಲ್ಲಿ ಪದಕವಿಡಬೇಕೆಂದಿರುವವರು, ಅದೇ ಹಣದಲ್ಲಿ ಒಬ್ಬ ಹುಡುಗಿಯ ತಿಂಗಳ ಊಟದ ವೆಚ್ಚವನ್ನು ವಹಿಸಬಹುದೇ ಎಂದು ಆಲೋಚಿಸಬೇಕು. ತಾಯಿಯ ಹೆಸರು ಚಿನ್ನದ ಮೇಲೆ ಕೊರೆದುದಕ್ಕಿಂತ ಅನ್ನದಲ್ಲಿ ಬೆರೆತರೆ ಹೆಚ್ಚು ಕಾಲ ಉಳಿದೀತು.

ಎರಡನೆಯದು ಲೆಕ್ಕದ ಮಾತು. ಹಿಂದೆ ಹತ್ತು ಸಾವಿರ ರೂಪಾಯಿ ಠೇವಣಿಯಿಟ್ಟು ಶೇಕಡ ಹತ್ತರ ಬಡ್ಡಿ ಬಂದರೆ, ವರ್ಷಕ್ಕೆ ಸಾವಿರ ರೂಪಾಯಿ. 1980ರ ದಶಕದಲ್ಲಿ ಅದರಿಂದ ಒಬ್ಬಳ ಓದು ನಡೆಯುತ್ತಿತ್ತು. ಇಂದು ಶೇಕಡ ಆರೂವರೆ ಬಡ್ಡಿಯೆಂದರೆ ಅದೇ ಠೇವಣಿಗೆ ವರ್ಷಕ್ಕೆ 650 ರೂಪಾಯಿ. ಒಂದು ನಿಘಂಟು ಬಂದರೆ ಹೆಚ್ಚು. ಮೂಲಧನ ಹಾಗೆಯೇ ಭದ್ರವಾಗಿದೆ, ವರದಿಯಲ್ಲಿ ದಾನಿಯ ಹೆಸರೂ ಇದೆ. ಆದರೆ ದಾನ ಸತ್ತುಹೋಗಿದೆ. ಆದುದರಿಂದ ಬಡ್ಡಿಯ ಒಂದಂಶವನ್ನು ಪ್ರತಿವರ್ಷವೂ ಮೂಲಧನಕ್ಕೆ ಸೇರಿಸಬೇಕು. ಒಂದೇ ಉದ್ದೇಶದ ಹತ್ತು ಸಣ್ಣ ದತ್ತಿಗಳನ್ನು, ದಾನಿಗಳ ಮನೆಯವರ ಒಪ್ಪಿಗೆಯಿಂದ, ಕೂಡಿಸಿ ಒಂದು ಮಾಡಬೇಕು. ಹತ್ತು ಜನಕ್ಕೆ ಹತ್ತು ತುತ್ತು ಹಂಚುವುದಕ್ಕಿಂತ ಒಬ್ಬಳಿಗೆ ಹೊಟ್ಟೆತುಂಬ ಬಡಿಸುವುದು ಲೇಸು. ಮತ್ತು ಹಣ ತಿಂಗಳು ತಿಂಗಳಿಗೆ ಸೇರಬೇಕು. ತಡವಾದ ಧರ್ಮದ ಲಾಭ ಗಿರವಿ ಅಂಗಡಿಗೆ.

ಮೂರನೆಯದು ನಿಬಂಧನೆಗಳ ಮಾತು. ಅವಿವಾಹಿತೆಯಾಗಿರಬೇಕು, ನಡುವೆ ಓದು ಬಿಟ್ಟಿರಬಾರದು, ಇಂತಿಷ್ಟು ವಯಸ್ಸಿನೊಳಗಿರಬೇಕು ಎಂಬ ಕಟ್ಟಳೆಗಳು ಗಂಡುಮಕ್ಕಳ ಬದುಕನ್ನು ಅಳತೆಗೋಲಾಗಿಟ್ಟುಕೊಂಡು ಮಾಡಿದವು. ಇಪ್ಪತ್ತೊಂದನೆಯ ವಯಸ್ಸು ಹುಡುಗನಿಗೆ ಓದಿನ ನಡುವಣ ಒಂದು ವರ್ಷ. ಹುಡುಗಿಗೆ ಅದು ಹೊಸ್ತಿಲು. ಅವಳ ಮದುವೆ, ಬಸಿರು, ಬಾಣಂತನ, ಅತ್ತೆಮಾವಂದಿರ ಆರೈಕೆ ಇವೆಲ್ಲ ಬರುವುದು ಸ್ನಾತಕೋತ್ತರ ವ್ಯಾಸಂಗದ ವಯಸ್ಸಿನಲ್ಲಿಯೇ. ಮದುವೆಯನ್ನು ಅನರ್ಹತೆಯೆಂದು ಎಣಿಸುವ ದತ್ತಿ, ಅವಳಿಗೆ ಅಗತ್ಯ ಹೆಚ್ಚಾದ ಗಳಿಗೆಯಲ್ಲಿಯೇ ಕೈಬಿಡುತ್ತದೆ. ಕೇಂದ್ರದ ಧನಸಹಾಯ ಆಯೋಗವು ಇಂದಿರಾ ಗಾಂಧಿಯವರ ಹೆಸರಿನಲ್ಲಿ, ತಂದೆತಾಯಿಗೆ ಒಬ್ಬಳೇ ಮಗಳಾದ ವಿದ್ಯಾರ್ಥಿನಿಯ ಸ್ನಾತಕೋತ್ತರ ಓದಿಗೆ ಒಂದು ಯೋಜನೆಯನ್ನು ಬಹುಕಾಲ ನಡೆಸಿತು. ಉದ್ದೇಶ ಒಳ್ಳೆಯದು. ಆದರೆ ನಮ್ಮ ಹಳ್ಳಿಗಳಲ್ಲಿ ಓದು ನಿಲ್ಲುವುದು ಒಬ್ಬಳೇ ಮಗಳದಲ್ಲ. ಮೂವರು ಹೆಣ್ಣುಮಕ್ಕಳ ಮನೆಯ ಹಿರಿಯಳದು. ಈಚೆಗೆ, 2025ರಲ್ಲಿ, ಅಜೀಂ ಪ್ರೇಂಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಯ ನೆರವನ್ನು ನಮ್ಮ ರಾಜ್ಯದಲ್ಲಿಯೂ ಆರಂಭಿಸಿದೆ. ಅದು ಮೊದಲ ಪದವಿಗೆ. ಆ ಪದವಿ ಮುಗಿದ ಹುಡುಗಿಯರು ಕೆಲವೇ ವರ್ಷಗಳಲ್ಲಿ ಮುಂದಿನ ಬಾಗಿಲನ್ನು ತಟ್ಟಲಿದ್ದಾರೆ. ಆ ಬಾಗಿಲಲ್ಲಿ ಯಾರಿರುತ್ತಾರೆ?

ಇಲ್ಲಿ ಒಂದು ಆಕ್ಷೇಪವನ್ನು ನಾನು ಊಹಿಸಬಲ್ಲೆ. ಇಂದು ಎಂ.ಎ. ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವೂ ಇಲ್ಲ. ಇನ್ನೂ ಏಕೆ ಪ್ರತ್ಯೇಕ ದತ್ತಿ, ಎಂದು. ಬಸ್ಸಿನ ಸೌಲಭ್ಯದಿಂದ ಸುತ್ತೂರು, ನರಸೀಪುರಗಳ ಸುತ್ತಣ ಹುಡುಗಿಯರು ಮೈಸೂರಿಗೆ ಹೋಗಿ ಬರುವುದು ಸುಲಭವಾಗಿದೆ, ನಿಜ. ಆದರೆ ಬೆಂಚಿನ ಮೇಲೆ ಕುಳಿತವರನ್ನು ಎಣಿಸುವುದು ಸುಲಭ. ಬಸ್ಸನ್ನೇ ಹತ್ತದೆ ಉಳಿದವರನ್ನು ಎಣಿಸುವವರು ಯಾರು? ಬಸ್ಸು ಇಳಿದ ಮೇಲೆ ಪುಸ್ತಕ, ಊಟ, ಪರೀಕ್ಷೆಯ ಶುಲ್ಕ, ಕ್ಷೇತ್ರಕಾರ್ಯದ ವೆಚ್ಚ, ಇವು ಇದ್ದೇ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಅವಳು ಮನೆಯಲ್ಲಿ ದುಡಿದು ತರಬಹುದಾಗಿದ್ದ ಕೂಲಿಯಿದೆ. ಆ ನಷ್ಟವನ್ನು ಬಡತನ ಪ್ರತಿದಿನವೂ ಎಣಿಸುತ್ತದೆ.

ನಾಲ್ಕನೆಯದು ಮರ್ಯಾದೆಯ ಮಾತು. ವಿದ್ಯಾರ್ಥಿವೇತನದ ಚೆಕ್ಕನ್ನು ವೇದಿಕೆಯ ಮೇಲೆ, ಹಾರ ತುರಾಯಿಗಳ ನಡುವೆ, ದಾನಿಯ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಸಿ ಕೊಡುವ ಪದ್ಧತಿಯನ್ನು ಬಿಡಬೇಕು. ಇಪ್ಪತ್ತೊಂದರ ಹುಡುಗಿಗೆ ತನ್ನ ಬಡತನ ಊರಿಗೆಲ್ಲ ಕಾಣುವುದು ಹಿತವಲ್ಲ. ಹಣ ಬ್ಯಾಂಕಿನ ಖಾತೆಗೆ ಸದ್ದಿಲ್ಲದೆ ಹೋಗಲಿ. ನನಗೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ ಕೊಟ್ಟವರನ್ನು ನಾನು ನೋಡಲೇ ಇಲ್ಲ. ಅದರಿಂದ ನನ್ನ ಕೃತಜ್ಞತೆ ಕಡಿಮೆಯಾಗಿಲ್ಲ. ನನ್ನ ತಲೆಯೂ ಬಾಗಲಿಲ್ಲ.

ಶ್ರೋತೃಗಳೆ, ಸುತ್ತೂರಿನ ಜಾತ್ರೆಯಲ್ಲಿ ಸಾಮೂಹಿಕ ವಿವಾಹ ನಡೆಯುತ್ತದೆಂದು ಮೊದಲಲ್ಲಿ ಹೇಳಿದೆ. ತಾಳಿ, ಸೀರೆ, ಪಂಚೆಗಳನ್ನು ಮಠವೇ ಕೊಟ್ಟು, ಬಡವರ ಮನೆಯ ದೊಡ್ಡ ಸಾಲವೊಂದನ್ನು ತಪ್ಪಿಸುತ್ತದೆ. ಅಲ್ಲಿ ನಿಂತಾಗಲೆಲ್ಲ ನನಗೆ ಸಾಲೋಟಗಿಯ ಶಾಸನದ ನೆನಪಾಗುತ್ತದೆ. ಅಂದು ಮದುವೆಯ ಮನೆ ವಿದ್ಯೆಗೆ ಐದು ನಾಣ್ಯ ಕೊಡುತ್ತಿತ್ತು. ಇಂದು ಮದುವೆಗೆ ಲಕ್ಷಗಟ್ಟಲೆ ಸುರಿಯುವ ಪಟ್ಟಣದ ಗೃಹಸ್ಥರು ನಾವು. ನಮ್ಮ ಮಗಳ ಮದುವೆಯ ಖರ್ಚಿನ ಪಟ್ಟಿಯ ಕೊನೆಯಲ್ಲಿ, ಬೇರೊಬ್ಬರ ಮಗಳ ಓದಿಗೆಂದು ಒಂದು ಸಾಲನ್ನು ಏಕೆ ಸೇರಿಸಬಾರದು? ನೂರಕ್ಕೆ ಒಂದು ಪಾಲಾದರೂ ಸರಿ. ಹಾಗೆ ಮಾಡಿದರೆ, ಸಾವಿರ ವರ್ಷಗಳ ಹಿಂದೆ ಹಸೆಮಣೆಯ ಮೇಲೆ ಕುಳಿತು ದೂರದಿಂದ ದೀಪವನ್ನು ನೋಡಿದ ಹುಡುಗಿಗೆ ನಾವು ತೀರಿಸಬೇಕಾದ ಸಾಲದಲ್ಲಿ ಒಂದು ಕಂತು ಸಂದಂತಾಗುತ್ತದೆ.

ನನಗೆ ಬಡಿಸಿದ ಆ ಹೆಂಗಸಿನ ಮಗಳು ಈಗ ಪದವಿ ತರಗತಿಯಲ್ಲಿರುವಳೆಂದು ಆಮೇಲೆ ತಿಳಿಯಿತು. ಅವಳೂ ಒಂದು ದಿನ ಅರ್ಜಿ ಹಿಡಿದು ಯಾವುದೋ ಸಮಿತಿಯ ಮುಂದೆ ಬರಬಹುದು. ಅಲ್ಲಿ ಕುಳಿತವರು ಅವಳನ್ನು ಬೇರೇನನ್ನೂ ಕೇಳದಿರಲಿ. ಹಸಿವುಂಟೆ ಎಂದು ಮಾತ್ರ ಕೇಳಲಿ. ಉಂಟೆಂದರೆ ಎಲೆ ಹಾಕಲಿ.

(ಬಾನುಲಿ ಭಾಷಣ)